23 ಮಧ್ಯದಲ್ಲಿ ಹೇಗೆ, ಮಿಸ್?

ಬೋಧನಾಭ್ಯಾಸದ ಎರಡನೇ ವಾರ ನನಗೆ 9ನೇ ತರಗತಿಯ ಗಣಿತ ಪಾಠ ಸಿಕ್ಕಿತ್ತು. ವಿಷಯ: ಮಧ್ಯಾಂಕ. ಬಿ.ಎಸ್ಸಿ.ಯಲ್ಲಿ ಕಲಿತ ಪೈಥಾನ್ ಬಳಸಿ ಪಾಠ ಮಾಡಿದರೆ ಮಕ್ಕಳಿಗೆ ಆಸಕ್ತಿ ಹುಟ್ಟುತ್ತದೆ, ವೀಕ್ಷಣೆಗೆ ಬರುವ ಮೇಡಂ ಅವರೂ ಮೆಚ್ಚುತ್ತಾರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಎರಡನೆಯ ಕಾರಣವೇ ದೊಡ್ಡದಾಗಿತ್ತು.

ಪ್ರೋಗ್ರಾಂ ನಾಲ್ಕೇ ಸಾಲು. ಕೀಬೋರ್ಡಿನಲ್ಲಿ ಟೈಪ್ ಮಾಡಿದ ಅಂಕಗಳನ್ನು ಇನ್‌ಪುಟ್‌ನಿಂದ ಪಡೆದು, ಸ್ಪ್ಲಿಟ್‌ನಿಂದ ಬಿಡಿಸಿ ಪಟ್ಟಿ ಮಾಡುವುದು, ಸಾರ್ಟ್‌ನಿಂದ ಏರಿಕೆ ಕ್ರಮಕ್ಕೆ ತರುವುದು, ನಡುವಿನದನ್ನು ಪರದೆಯ ಮೇಲೆ ತೋರಿಸುವುದು. ಮಕ್ಕಳು ಐದು ಅಂಕ ಹೇಳಿದರು: 9, 18, 7, 23, 12. ಪರದೆಯ ಮೇಲೆ 23 ಬಂತು.

ಮೂರನೇ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. “ಮಿಸ್, 23 ಎಲ್ಲಕ್ಕಿಂತ ದೊಡ್ಡದಲ್ವಾ? ಅದು ಮಧ್ಯದಲ್ಲಿ ಹೇಗೆ ಬರುತ್ತೆ?”

“ಕಂಪ್ಯೂಟರ್ ತಪ್ಪು ಮಾಡಲ್ಲಮ್ಮ. ನೀನೇ ಇನ್ನೊಂದ್ಸಲ ಲೆಕ್ಕ ಮಾಡಿ ನೋಡು” ಎಂದುಬಿಟ್ಟೆ.

ಅವಳು ಕುಳಿತು, ನೋಟ್‌ಬುಕ್ಕಿನಲ್ಲಿ ಬರೆದಿದ್ದ 12ನ್ನು ಹೊಡೆದುಹಾಕಿ 23 ಎಂದು ತಿದ್ದಿದಳು. ತರಗತಿ ಮುಗಿದ ಮೇಲೆ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: “ಆ ಮಗು ಸರಿ ಉತ್ತರವನ್ನ ಯಾಕೆ ಹೊಡೆದು ಹಾಕ್ತು?”

ಆ ರಾತ್ರಿ ಇಡೀ ಪಟ್ಟಿಯನ್ನು ಪರದೆಗೆ ತಂದು ನೋಡಿದೆ: '12', '18', '23', '7', '9'. ಪ್ರತಿ ಅಂಕಕ್ಕೂ ಉದ್ಧರಣ ಚಿಹ್ನೆ ಇತ್ತು. ಇನ್‌ಪುಟ್ ಕೊಡುವುದು ಸಂಖ್ಯೆಯನ್ನಲ್ಲ, ಪಠ್ಯವನ್ನು. ಪಠ್ಯವನ್ನು ಪೈಥಾನ್ ಮೊದಲ ಅಕ್ಷರದಿಂದ ಹೋಲಿಸುತ್ತಾ ಹೋಗುತ್ತದೆ. 1 ಮತ್ತು 2ರಿಂದ ಶುರುವಾಗುವವು ಮೊದಲು, 7 ಮತ್ತು 9 ಕೊನೆಗೆ. ಒಂದೇ ಅಂಶವನ್ನು ಪ್ರಿಂಟ್ ಮಾಡಿದಾಗ ಆ ಚಿಹ್ನೆ ಕಾಣದ ಕಾರಣ ನನಗೆ ತಿಳಿದಿರಲಿಲ್ಲ. ಮನೆಯಲ್ಲಿ ಪರೀಕ್ಷಿಸಿದಾಗ ಕೊಟ್ಟಿದ್ದೆಲ್ಲ ಎರಡಂಕಿಯ ಸಂಖ್ಯೆಗಳೇ. ಅವುಗಳಲ್ಲಿ ಈ ತಪ್ಪು ಹೊರಗೆ ಬರುವುದೇ ಇಲ್ಲ.

ಮರುದಿನ ತರಗತಿಯಲ್ಲಿ ಆ ಹುಡುಗಿಯ ಹತ್ತಿರ ಹೋಗಿ, “ನಿನ್ನೆ ನೀನೇ ಸರಿ, ನಾನೇ ತಪ್ಪು” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ನಂತರ ಅಕಾರಾದಿಯಾಗಿ ಬರೆದಿದ್ದ ಹಾಜರಿ ಪುಸ್ತಕ ತೆರೆದೆ. “ಉದ್ದ ಹೆಸರಿನವರೆಲ್ಲ ಕೊನೆಗೆ ಇದ್ದಾರಾ?” “ಇಲ್ಲ ಮಿಸ್, ಮೊದಲಕ್ಷರ ನೋಡ್ತಾರೆ.” “ಕಂಪ್ಯೂಟರ್ ನಿನ್ನೆ ನಮ್ಮ ಅಂಕಗಳನ್ನು ಹೀಗೇ, ಹೆಸರುಗಳ ಹಾಗೆ ಜೋಡಿಸಿತು” ಎಂದೆ. ಹುಡುಗಿಯನ್ನೇ ಕರೆದು ಕೂರಿಸಿದೆ. ಪ್ರತಿ ಅಂಕವನ್ನೂ ಇಂಟ್‌ನಿಂದ ಸಂಖ್ಯೆಯಾಗಿ ಬದಲಿಸಿ, ಆಮೇಲೆ ಸಾರ್ಟ್ ಮಾಡಿಸಿದಳು. 12 ಬಂತು. ಅವಳು ಹೋಗಿ ನೋಟ್‌ಬುಕ್ಕಿನ 23ನ್ನು ಹೊಡೆದಳು.

ಈಗ ನನ್ನ ಪಾಠ ಯೋಜನೆಯಲ್ಲಿ ಎರಡು ಸಾಲು ಹೆಚ್ಚಾಗಿವೆ. ಉದಾಹರಣೆಯಲ್ಲಿ ಒಂದಂಕಿ, ಎರಡಂಕಿ, ಮೂರಂಕಿಯ ಸಂಖ್ಯೆಗಳು ಬೆರೆತಿರಬೇಕು. ಪ್ರೋಗ್ರಾಂ ಓಡಿಸುವ ಮೊದಲು ಮಕ್ಕಳು ತಮ್ಮ ಉತ್ತರ ಬರೆದಿಟ್ಟಿರಬೇಕು. ಎರಡೂ ಹೊಂದದಿದ್ದರೆ ಮೊದಲು ಪ್ರೋಗ್ರಾಂ ಪರೀಕ್ಷಿಸಬೇಕು, ಮಗುವನ್ನಲ್ಲ.