ಶಿಬಿರ ಮುಗಿದ ಮೇಲೆ



ಸಂಘದ ಆರೋಗ್ಯ ಸಮಿತಿಯ ಹೊಣೆಯನ್ನು ನಾವು ವಹಿಸಿಕೊಂಡಾಗ ಹಿರಿಯ ಸದಸ್ಯರೊಬ್ಬರು, "ನಿಜಕ್ಕೂ ನಿಮ್ಮ ವೃತ್ತಿ ಯಾವುದು ಡಾಕ್ಟ್ರೇ?" ಎಂದು ಕೇಳಿದ್ದರು. ಪ್ರಶ್ನೆ ನ್ಯಾಯವಾದುದೇ. ಎಂ.ಬಿ.ಬಿ.ಎಸ್. ಮುಗಿಸಿ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಮೂರು ವರ್ಷ, ಬೆಂಗಳೂರಿನಲ್ಲಿ ಆರೋಗ್ಯ ವಿಮೆಯ ಕಡತಗಳ ನಡುವೆ ನಾಲ್ಕು ವರ್ಷ, ಅನಂತರ ಮಸ್ಕತ್ತಿನ ಹೊರರೋಗಿ ವಿಭಾಗ. ಈಚೆಗೆ ಊರಿನ ಕಡೆಯ ಒಂದೆರಡು ಸಣ್ಣ ಸೇವಾಸಂಸ್ಥೆಗಳಿಗೆ ಸಲಹೆಗಾರಿಕೆಯೂ ಸೇರಿದೆ. ಸ್ನಾತಕೋತ್ತರ ಪದವಿ ಪಡೆಯದವರ ದಾರಿ ಹೀಗೆಯೇ ಕವಲೊಡೆಯುತ್ತದೆ ಎಂದು ಮನೆಯವರು ನಗುವುದುಂಟು.

ಆದರೆ ಇಲ್ಲಿ ಬರೆಯಬೇಕಾದುದು ನಮ್ಮ ಸಾಧನೆಯನ್ನಲ್ಲ, ಒಂದು ಲೋಪವನ್ನು.

ಕೆಲವು ವರ್ಷಗಳ ಹಿಂದೆ ಮದೀನತ್ ಸುಲ್ತಾನ್ ಖಾಬೂಸ್‌ನಲ್ಲಿ, ಚಿಕಿತ್ಸಾಲಯವೊಂದರ ಸಹಕಾರದಿಂದ ಸಂಘವು ಉಚಿತ ತಪಾಸಣಾ ಶಿಬಿರ ಏರ್ಪಡಿಸಿತ್ತು. ಶುಕ್ರವಾರವಾದ್ದರಿಂದ ರೂವಿ, ವಾದಿ ಕಬೀರ್ ಕಡೆಗಳಿಂದ ಕಟ್ಟಡ ಕಾರ್ಮಿಕರು, ಚಾಲಕರು, ಮನೆಗೆಲಸದವರು ಬಂದಿದ್ದರು. ಸಂಜೆಯ ಹೊತ್ತಿಗೆ ಸರತಿ ಬಾಗಿಲಾಚೆಗೂ ಬೆಳೆದಿತ್ತು. ಉಪ್ಪಿಟ್ಟು ಖಾಲಿಯಾಗಿ ಎರಡನೆಯ ಬಾರಿ ಮಾಡಿಸಬೇಕಾಯಿತು. ಬಂದವರ ಸಂಖ್ಯೆಯನ್ನೂ ನಗುಮುಖದ ಚಿತ್ರಗಳನ್ನೂ ಇದೇ ವಾರ್ತಾಪತ್ರದಲ್ಲಿ ಪ್ರಕಟಿಸಿ ನಾವು ಹಿಗ್ಗಿದೆವು.

ಅಂದು ಬಂದವರಲ್ಲಿ ಕಲಬುರಗಿ ಕಡೆಯ ಬಣ್ಣ ಬಳಿಯುವ ಕೆಲಸಗಾರರೊಬ್ಬರಿದ್ದರು. ಅವರ ರಕ್ತದ ಸಕ್ಕರೆ 312. ನಾವೇ ಚೀಟಿಯಲ್ಲಿ ಬರೆದು, ಖಾಲಿ ಹೊಟ್ಟೆಯ ಪರೀಕ್ಷೆಗೆ ಹೋಗಬೇಕೆಂದು ಹೇಳಿ, ದೂರವಾಣಿ ಸಂಖ್ಯೆ ಪಡೆದು ಕಳುಹಿಸಿದ್ದೆವು. ಐದು ತಿಂಗಳ ಬಳಿಕ, ಊರಿಗೆ ಹೊರಟ ರೋಗಿಯೊಬ್ಬರ ವಿಮಾನದ ಟಿಕೆಟ್ಟಿನ ವಿಚಾರವಾಗಿ ಸ್ವಯಂಸೇವಕರು ನಮ್ಮನ್ನು ಕರೆದೊಯ್ದಾಗ ಹಾಸಿಗೆಯ ಮೇಲೆ ಅದೇ ಮುಖ. ಬೂಟು ಕಚ್ಚಿ ಎದ್ದ ಗುಳ್ಳೆ ಹುಣ್ಣಾಗಿ, ಬಲಗಾಲಿನ ಎರಡು ಬೆರಳುಗಳನ್ನು ತೆಗೆಯಬೇಕಾಗಿತ್ತು. ದಿಂಬಿನ ಕೆಳಗಿನಿಂದ ಅವರು ನಮ್ಮ ಚೀಟಿಯನ್ನೇ ತೆಗೆದು ತೋರಿಸಿದರು.

"ನಂಬರ್ ಬರಕೊಂಡಿದ್ರಿ, ಫೋನ್ ಬರಲಿಲ್ರಿ ಡಾಕ್ಟ್ರ. ಬರಲಿಲ್ಲಂದ್ರ ಅಂಥಾದ್ದೇನೂ ಇಲ್ಲ ಅಂತ ತಿಳಕೊಂಡೆ."

ಅವರ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ಒಳಿತಿತ್ತೇನೋ.

ಆ ದಿನಗಳಲ್ಲಿ ನಾವು ಡಾ. ಎಚ್. ಸುದರ್ಶನ್ ಅವರ ಕಾರ್ಯವನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿದೆವು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದ ವೈದ್ಯರೆಂದು ಎಲ್ಲರೂ ಬಲ್ಲೆವು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದುದೂ ತಿಳಿದದ್ದೇ. ನಮ್ಮನ್ನು ತಡೆದು ನಿಲ್ಲಿಸಿದ್ದು ಬೆಟ್ಟದ ತಪ್ಪಲಿನ ಯಳಂದೂರು. ಕುಷ್ಠರೋಗ ಹೆಚ್ಚಾಗಿದ್ದ ಆ ತಾಲ್ಲೂಕಿಗಾಗಿ ಅವರು 1986ರಲ್ಲಿ ಕರುಣಾ ಟ್ರಸ್ಟ್ ಆರಂಭಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಶಿಫಾರಸು ಮಾಡಿದ ಬಹು ಔಷಧ ಚಿಕಿತ್ಸೆಯಲ್ಲಿ ತಿಂಗಳಿಗೊಮ್ಮೆ ರಿಫಾಂಪಿಸಿನ್ ಗುಳಿಗೆಯನ್ನು ಕಾರ್ಯಕರ್ತರ ಕಣ್ಣೆದುರಿನಲ್ಲಿಯೇ ನುಂಗಿಸಬೇಕು. ಗುಳಿಗೆ ನುಂಗಿದಾಗ ಮೂತ್ರ ಕೆಂಬಣ್ಣಕ್ಕೆ ತಿರುಗುವುದರಿಂದ ಹೆದರಿ ಔಷಧ ಬಿಡುವವರೂ ಇರುತ್ತಾರೆ. ಅವರ ಮನೆಗೆ ಮರಳಿ ಹೋಗಿ ಬಿಡಿಸಿ ಹೇಳಬೇಕು. ಅಂದರೆ ಈ ರೋಗದ ವಿಷಯದಲ್ಲಿ ಒಂದು ದಿನದ ಶಿಬಿರವೆಂಬುದಕ್ಕೆ ಅರ್ಥವೇ ಇಲ್ಲ. ಇಂದು ಯಾರು ಬಂದರು ಎಂಬುದಕ್ಕಿಂತ ಕಳೆದ ತಿಂಗಳು ಬಂದು ಈ ತಿಂಗಳು ಯಾರು ಬರಲಿಲ್ಲ ಎಂಬುದೇ ದಾಖಲೆಯ ಪುಸ್ತಕದಲ್ಲಿ ಮುಖ್ಯವಾಗುತ್ತದೆ.

ಮುಂದೆ 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಟ್ರಸ್ಟ್ ವಹಿಸಿಕೊಂಡಿತು. ಅನಂತರವೇ ಸುದರ್ಶನ್ ಅವರು ರಾಜ್ಯದ ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರಾದುದು, ಲೋಕಾಯುಕ್ತದಲ್ಲಿ ಆರೋಗ್ಯ ಕ್ಷೇತ್ರದ ಭ್ರಷ್ಟಾಚಾರದ ಮೇಲೆ ಕಣ್ಣಿಡುವ ಹುದ್ದೆ ಹಿಡಿದುದು. ಹೊರಗಿನಿಂದ ನೋಡಿದರೆ ಅವರದೂ ಕವಲೊಡೆದ ವೃತ್ತಿಯೇ. ಆದರೆ ಸರ್ಕಾರಕ್ಕೆ ಸಲಹೆ ನೀಡುವ ಮೊದಲು ಅವರು ಒಂದು ತಾಲ್ಲೂಕಿನ ರೋಗಿಗಳ ಬೆನ್ನು ಹತ್ತಿ ನಡೆದಿದ್ದರು. ಈ ಅನುಕ್ರಮವನ್ನು ನಾವು ತಲೆಕೆಳಗು ಮಾಡಿದ್ದೆವು: ನಮ್ಮದೇ ಶಿಬಿರದ ರೋಗಿಗೆ ಒಂದು ಕರೆ ಮಾಡದೆ, ಊರಿನ ಸಂಸ್ಥೆಗಳಿಗೆ ಆರೋಗ್ಯ ಯೋಜನೆಯ ಸಲಹೆ ಕೊಡುತ್ತಿದ್ದೆವು!

ನಾಚಿಕೆಯಿಂದಲೇ ಕೆಲಸ ಬದಲಾಯಿಸಿದೆವು. ವಿಮಾ ಕಚೇರಿಯಲ್ಲಿ ಕಲಿತ, ಬೇಸರದಿಂದಲೇ ಕಲಿತ, ಕಡತದ ಶಿಸ್ತು ಇಲ್ಲಿ ನೆರವಿಗೆ ಬಂತು. ಮಿತಿ ಮೀರಿದ ಫಲಿತಾಂಶವಿದ್ದವರಿಗೆ, ಅವರ ಒಪ್ಪಿಗೆ ಪಡೆದು, ಮೂರನೆಯ ದಿನ ಒಂದು ಕರೆ. ಇಪ್ಪತ್ತೊಂದನೆಯ ದಿನ ಇನ್ನೊಂದು. ಕರೆ ಮಾಡುವವರು ವೈದ್ಯರಾಗಬೇಕಿಲ್ಲ. "ಪರೀಕ್ಷೆಗೆ ಹೋಗಿದ್ದಿರಾ? ಹೋಗದಿದ್ದರೆ ತೊಡಕೇನು?" ಎಂದಷ್ಟೇ ಕೇಳುವುದು. ಉತ್ತರಗಳು ನಮಗೆ ಪಾಠವಾದವು. ವಿಮಾ ಚೀಟಿ ಮಾಲೀಕರ ಬಳಿಯಿದೆ ಎಂದವರುಂಟು, ರಜೆ ಕೇಳಲು ಅಂಜಿಕೆ ಎಂದವರುಂಟು. ಊರಿನ ಮದುವೆ ಮುಗಿಯಲಿ, ಆಮೇಲೆ ನೋಡೋಣ ಎಂದ ಅಮ್ಮನೊಬ್ಬರಿಗೆ ನಮ್ಮ ಸ್ವಯಂಸೇವಕಿ ನಾಲ್ಕು ಬಾರಿ ಕರೆ ಮಾಡಿ, ಕೊನೆಗೆ ತಾವೇ ಕಾರಿನಲ್ಲಿ ಕೂರಿಸಿಕೊಂಡು ಹೋದರು. ಇಷ್ಟು ಮಾಡುವಾಗ ಶಿಬಿರಗಳನ್ನು ವರ್ಷಕ್ಕೆ ನಾಲ್ಕರಿಂದ ಎರಡಕ್ಕೆ ಇಳಿಸಬೇಕಾಯಿತು. ಕಾರ್ಯಕಾರಿ ಸಮಿತಿಯಲ್ಲಿ ಕೆಲವರಿಗೆ ಅದು ಹಿನ್ನಡೆಯಾಗಿ ಕಂಡಿತು. ಆ ಸಭೆ ಸುಖವಾಗಿ ಮುಗಿಯಲಿಲ್ಲ.

ಈಗ ಊರಿನ ಸಂಸ್ಥೆಗಳು ಸಲಹೆ ಕೇಳಿದರೆ ಮೊದಲು ಎರಡನೆಯ ಭೇಟಿಯ ದಾಖಲೆ ತೋರಿಸಿ ಎನ್ನುತ್ತೇವೆ. ಕೆಲವರು ಆಮೇಲೆ ಮರಳಿ ಬರುವುದಿಲ್ಲ.

ಬಣ್ಣದ ಕೆಲಸದ ಆ ಸಹೋದರರು ಊರಿನಲ್ಲಿ ಪುಟ್ಟ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾರೆ. ಹಬ್ಬಗಳಲ್ಲಿ ಕರೆ ಮಾಡುತ್ತಾರೆ. ಸಕ್ಕರೆ ಎಷ್ಟಿದೆ ಎಂದು ನಾವು ಕೇಳುವ ಮೊದಲೇ ಹೇಳಿಬಿಡುತ್ತಾರೆ.

ಮುಂದಿನ ಶಿಬಿರದ ಕರೆಪಟ್ಟಿಗೆ ತುಳು, ಕೊಂಕಣಿ ಹಾಗೂ ದಖ್ಖನಿ ಉರ್ದು ಬಲ್ಲವರು ಸಾಲದಾಗಿದ್ದಾರೆ. ರಾತ್ರಿ ಎಂಟರ ನಂತರ, ಕೆಲಸದವರು ಕೋಣೆಗೆ ಮರಳಿದ ಮೇಲೆ, ವಾರಕ್ಕೆ ಅರ್ಧ ಗಂಟೆ ಕೊಡಬಲ್ಲವರು ದಯಮಾಡಿ ಸಮಿತಿಗೆ ಹೆಸರು ತಿಳಿಸಬೇಕು.