ಮೇಜಿನ ಮೇಲಿನ ಬೆರಳು

2024ರ ಡಿಸೆಂಬರ್ 15, ಭಾನುವಾರ ರಾತ್ರಿ. ಮಧುಗಿರಿಯ ನಿವೃತ್ತ ಗಣಿತ ಮೇಷ್ಟ್ರಿಗೆ ನಿದ್ದೆ ಬರಲಿಲ್ಲ. ಟಿ.ವಿ.ಯವರು ಮೊದಲು ಜಾಕಿರ್ ಹುಸೇನ್ ಹೋಗಿಬಿಟ್ಟರು ಎಂದರು. ಸ್ವಲ್ಪ ಹೊತ್ತಿಗೆ, ಇಲ್ಲ, ಉಸಿರಾಡುತ್ತಿದ್ದಾರೆ ಎಂಬ ಸುದ್ದಿ ಬಂತು. ಮೇಷ್ಟ್ರು ಆ ಎರಡನೆಯ ಸುದ್ದಿಯನ್ನೇ ನಂಬಿ ಮಲಗಿದರು. ಸೋಮವಾರ ಬೆಳಗ್ಗೆ ಎದ್ದಾಗ ಮೊದಲನೆಯದೇ ನಿಜವಾಗಿತ್ತು. ದೂರದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, 73ನೇ ವಯಸ್ಸಿನಲ್ಲಿ, ಶ್ವಾಸಕೋಶದ ಕಾಯಿಲೆ ಆ ಬೆರಳುಗಳನ್ನು ನಿಲ್ಲಿಸಿತ್ತು.

ಅಂದು ಮೇಷ್ಟ್ರು ತಿಂಡಿ ಮುಟ್ಟಲಿಲ್ಲ. ಬೀರುವಿನ ತಳದಿಂದ ಹಳೆಯ ಕ್ಯಾಸೆಟ್ಟುಗಳ ಡಬ್ಬ ತೆಗೆದರು. ಕ್ಯಾಸೆಟ್ಟುಗಳಿದ್ದವು, ಹಾಕಿ ಕೇಳಲು ಯಂತ್ರವಿರಲಿಲ್ಲ. ಒಂಬತ್ತನೇ ತರಗತಿಯ ಮೊಮ್ಮಗ ತಾತನ ಪೇಚಾಟ ನೋಡಿ ಮೊಬೈಲಿನಲ್ಲೇ ತಬಲಾ ಹಾಕಿಕೊಟ್ಟ. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಮೊಮ್ಮಗ ಕೇಳುತ್ತಾ ಕೇಳುತ್ತಾ ಊಟದ ಮೇಜಿನ ಮೇಲೆ ಬೆರಳಾಡಿಸತೊಡಗಿದ. ಅಡುಗೆಮನೆಯಿಂದ ಅವನ ಅಮ್ಮನ ಕೂಗು ಬಂತು: "ಕುಟ್ಟಬೇಡ್ವೋ! ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಜ್ಞಾಪಕ ಇದೆಯಾ?"

ಬೆರಳು ನಿಂತಿತು. ಮೇಷ್ಟ್ರು ಕಣ್ಣು ಬಿಟ್ಟರು. ಆ ಮಾತು ಅವರಿಗೆ ಹೊಸದಾಗಿರಲಿಲ್ಲ.

ಅವರು ಹುಟ್ಟಿದ್ದು ಶಿರಾ ತಾಲ್ಲೂಕಿನ ಒಂದು ಹಳ್ಳಿ. ಹುಡುಗನಾಗಿದ್ದಾಗ ಭಜನೆ ಮಂಡಳಿಯ ತಬಲಾ ಕಲಿಯಬೇಕೆಂದು ಆಸೆಪಟ್ಟಿದ್ದರು. "ನಮ್ಮ ಮನೆಯೋರು ಚರ್ಮ ಮುಟ್ಟೋದಾ? ಓದು ನೋಡ್ಕೋ" ಎಂದು ಅಪ್ಪ ಗದರಿದ ಮೇಲೆ ಆ ಆಸೆ ಅಲ್ಲಿಗೇ ಮುಗಿಯಿತು. ಜಾಕಿರ್ ಹುಸೇನ್ ತಮ್ಮ ತಂದೆ ಅಲ್ಲಾ ರಖಾ ಅವರ ಬಗ್ಗೆ ಒಂದು ಕಥೆ ಹೇಳುತ್ತಿದ್ದರು. ಹಸುಗೂಸನ್ನು ಕೈಗೆ ಕೊಟ್ಟಾಗ ತಂದೆ ಅದರ ಕಿವಿಯಲ್ಲಿ ಪ್ರಾರ್ಥನೆ ಹೇಳಬೇಕಿತ್ತಂತೆ. ಅಲ್ಲಾ ರಖಾ ತಬಲಾದ ಬೋಲುಗಳನ್ನು ಹೇಳಿದರಂತೆ. ನನ್ನ ಪ್ರಾರ್ಥನೆ ಇದೇ ಎಂದರಂತೆ. ಇದನ್ನು ಎಲ್ಲೋ ಓದಿದ ದಿನ ಮೇಷ್ಟ್ರು ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ಕಲಿಯಲಾಗದ್ದನ್ನು ಅವರು ಕೇಳಿ ತೀರಿಸಿಕೊಂಡರು. ಪಕ್ಕದ ಮನೆಯ ಟಿ.ವಿ.ಯಲ್ಲಿ ತಾಜ್ ಮಹಲ್ ಚಹಾದ ಜಾಹೀರಾತು ಬಂದರೆ ಸಾಕು, ಆ ಗುಂಗುರು ಕೂದಲಿನ ಯುವಕನನ್ನು ನೋಡಲು ಬಾಗಿಲಲ್ಲಿ ನಿಲ್ಲುತ್ತಿದ್ದರು. ಜಾನ್ ಮೆಕ್‌ಲಾಫ್ಲಿನ್ನರ ಗಿಟಾರ್, ಎಲ್. ಶಂಕರ್ ಅವರ ಪಿಟೀಲು, ವಿಕ್ಕು ವಿನಾಯಕರಾಮ್ ಅವರ ಘಟ, ಇವುಗಳ ಜೊತೆ ಜಾಕಿರ್ ಕಟ್ಟಿದ 'ಶಕ್ತಿ'ಯ ಕ್ಯಾಸೆಟ್ಟನ್ನು ಬೆಂಗಳೂರಿಗೆ ಹೋದಾಗ ಹುಡುಕಿ ತಂದರು. ಅಮೆರಿಕದ ಹೆಸರಾಂತ ರಾಕ್ ತಂಡ 'ಗ್ರೇಟ್‌ಫುಲ್ ಡೆಡ್'ನ ಡ್ರಮ್ ವಾದಕ ಮಿಕಿ ಹಾರ್ಟ್ ಜೊತೆ ಜಾಕಿರ್ ಕೂಡಿ ನುಡಿಸಿದ 'ಪ್ಲಾನೆಟ್ ಡ್ರಮ್' 1991ರಲ್ಲಿ ಬಂತು, ಮರುವರ್ಷ ಗ್ರ್ಯಾಮಿ ಪಡೆಯಿತು. ರಾಕ್ ಎಂದರೆ ಗದ್ದಲ ಎಂದುಕೊಂಡಿದ್ದ ಮೇಷ್ಟ್ರು, ದೇಶ ದೇಶಗಳ ಚರ್ಮವಾದ್ಯಗಳು ಪಂಕ್ತಿಭೇದವಿಲ್ಲದೆ ಒಟ್ಟಿಗೆ ಕೂತದ್ದನ್ನು ಕೇಳಿ ಬೆರಗಾದರು.

ಹೀಗೆ ಪಂಕ್ತಿಭೇದವಿಲ್ಲದ ವಾದ್ಯಕ್ಕೆ ತಲೆದೂಗುತ್ತಿದ್ದ ದಿನಗಳಲ್ಲೇ ಅವರಿಗೆ ಪಾವಗಡ ತಾಲ್ಲೂಕಿನ ಒಂದು ಹೈಸ್ಕೂಲಿಗೆ ವರ್ಗವಾಗಿತ್ತು. ಸುತ್ತ ಆಂಧ್ರದ ಗಡಿ, ಮಕ್ಕಳ ಬಾಯಲ್ಲಿ ಅರ್ಧ ತೆಲುಗು. ಎಂಟನೇ ತರಗತಿಯ ಕೊನೆ ಬೆಂಚಿನಲ್ಲಿ ಒಬ್ಬ ಹುಡುಗ. ಅವನ ಅಪ್ಪ ಊರಿನ ಜಾತ್ರೆಗೂ ಸಾವಿಗೂ ತಮಟೆ ಬಾರಿಸುವವನು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನಿಂದ ಡೆಸ್ಕಿನ ಸದ್ದು. ಒಂದು ದಿನ ಭಿನ್ನರಾಶಿಯ ಪಾಠ ನಡೆದಿತ್ತು. ತಾಳ್ಮೆ ತಪ್ಪಿತು. ಮೇಷ್ಟ್ರು ಹೋಗಿ ಸ್ಕೇಲನ್ನು ಅಡ್ಡ ಹಿಡಿದು ಹುಡುಗನ ಬೆರಳ ಗಿಣ್ಣಿನ ಮೇಲೆ ಎರಡು ಬಾರಿಸಿ, "ಇದೇನ್ಲಾ, ನಿಮ್ಮ ಕೇರಿ ಅಂದ್ಕೊಂಡ್ಯಾ?" ಎಂದರು.

ತರಗತಿ ನಕ್ಕಿತು. ಹುಡುಗ ಅಳಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತ. ಆ ವರ್ಷವೆಲ್ಲಾ ಗಣಿತದ ಪೀರಿಯಡ್ಡಿನಲ್ಲಿ ಹಾಗೆಯೇ ಕೂರುತ್ತಿದ್ದ. ಮುಂದಿನ ವರ್ಷ ಶಾಲೆಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಯಾರೂ ವಿಚಾರಿಸಲಿಲ್ಲ, ಮೇಷ್ಟ್ರೂ ವಿಚಾರಿಸಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಒಬ್ಬ ತಬಲಾ ಕಲಿತವರು ಮೇಷ್ಟ್ರಿಗೆ 'ತಿಹಾಯಿ' ಎಂದರೇನೆಂದು ವಿವರಿಸಿದರು. ತೀನ್‌ತಾಲದ ಒಂದು ಆವರ್ತನಕ್ಕೆ 16 ಮಾತ್ರೆ. ಐದು ಮಾತ್ರೆಯ ಒಂದು ತುಣುಕು, ಒಂದು ಮಾತ್ರೆ ಬಿಡುವು, ಮತ್ತೆ ಐದು, ಮತ್ತೆ ಒಂದು ಬಿಡುವು, ಮತ್ತೆ ಐದು. ಕೂಡಿದರೆ 17. ಅಂದರೆ ಕೊನೆಯ ಪೆಟ್ಟು ಸರಿಯಾಗಿ ಮುಂದಿನ ಆವರ್ತನದ ಮೊದಲ ಮಾತ್ರೆಗೆ ಬಂದು ಬೀಳುತ್ತದೆ. ಸಭೆ 'ವಾಹ್' ಎನ್ನುವುದು ಅಲ್ಲಿಗೇ. ಇದನ್ನು ಕೇಳಿದಾಗ ಮೇಷ್ಟ್ರಿಗೆ ಡೆಸ್ಕಿನ ಹುಡುಗ ನೆನಪಾದ. ಅವನು ಕುಟ್ಟುತ್ತಿದ್ದದ್ದೂ ಮೂರು ಮೂರು ಸಲವೇ, ಕೊನೆಯ ಪೆಟ್ಟೂ ಹಾಗೆಯೇ ಗಟ್ಟಿಯಾಗಿ ಬೀಳುತ್ತಿತ್ತು. ಬೋರ್ಡಿನ ಮೇಲೆ ಮೇಷ್ಟ್ರು ಬರೆಯುತ್ತಿದ್ದ ಭಿನ್ನರಾಶಿ ಅವನ ಬೆರಳಿನಲ್ಲಿ ಆಗಲೇ ಇತ್ತು. ಕಲಿಸಬೇಕಾದವರು ಅದನ್ನೇ ಹೊಡೆದು ನಿಲ್ಲಿಸಿದ್ದರು.

2023ರ ಗಣರಾಜ್ಯೋತ್ಸವದ ಪದ್ಮ ಪ್ರಶಸ್ತಿಗಳ ಪಟ್ಟಿಯಲ್ಲಿ ಜಾಕಿರ್ ಹುಸೇನರಿಗೆ ಪದ್ಮವಿಭೂಷಣ ಬಂತು. ಅದೇ ಪಟ್ಟಿಯಲ್ಲಿ ಇನ್ನೊಂದು ಹೆಸರಿತ್ತು: ಮಧುಗಿರಿಗೆ ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ವಾದಕ ಮುನಿವೆಂಕಟಪ್ಪ, ಪದ್ಮಶ್ರೀ. ಮೇಷ್ಟ್ರು ಆ ದಿನದ ಪತ್ರಿಕೆ ಕತ್ತರಿಸಿ ಇಟ್ಟುಕೊಂಡಿದ್ದರು. ಈಗ ಕ್ಯಾಸೆಟ್ ಡಬ್ಬದಲ್ಲಿ ಅದೂ ಸಿಕ್ಕಿತು. ಸೋಮವಾರ ಸಂಜೆ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾವಗಡದ ಕಥೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದರು. ಸ್ಕೇಲಿನ ವಿಷಯವನ್ನೂ ಬಿಡಲಿಲ್ಲ, ಕೇರಿಯ ಮಾತನ್ನೂ ಬಿಡಲಿಲ್ಲ.

"ಆಮೇಲೆ ಅವರ ಮನೆಗೆ ಹೋಗಿ ಸಾರಿ ಕೇಳಿದ್ರಾ ತಾತ?"

"ಇಲ್ಲಪ್ಪ."

"ಅವರು ಈಗ ಎಲ್ಲಿದಾರೆ?"

"ಗೊತ್ತಿಲ್ಲ."

ಮೊಮ್ಮಗ ಬೇರೇನೂ ಕೇಳಲಿಲ್ಲ. ಬಾಗಿಲ ಬಳಿ ನಿಂತಿದ್ದ ಅವನ ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದರು.

ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಕೊರಟಗೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನೆಂಟರ ಮನೆಯ ಅಜ್ಜಿ ತೀರಿಕೊಂಡರು. ತಾತ, ಮಗಳು, ಮೊಮ್ಮಗ ಮೂವರೂ ಹೋದರು. ಮನೆಯಿಂದ ಒಂದಷ್ಟು ದೂರದ ಹುಣಸೆಮರದ ಕೆಳಗೆ ತಮಟೆಯವರು ಹುಲ್ಲಿನ ಬೆಂಕಿ ಮಾಡಿಕೊಂಡು ತಮಟೆ ಕಾಯಿಸುತ್ತಿದ್ದರು. ಬಿಸಿಗೆ ಚರ್ಮ ಬಿಗಿದರೇನೇ ನಾದ. ಇಂಥ ಸಾವಿನ ಮನೆಗಳಿಗೆ ಮೇಷ್ಟ್ರು ನೂರಾರು ಸಲ ಹೋಗಿದ್ದರು. ಆ ಬೆಂಕಿಯ ಹತ್ತಿರ ಒಮ್ಮೆಯೂ ಹೋಗಿರಲಿಲ್ಲ. ಅಂದು ಮೊಮ್ಮಗನ ಕೈ ಹಿಡಿದುಕೊಂಡು ಹೋದರು. ಗುಂಪಿನ ಹಿರಿಯ ಎದ್ದು ನಿಂತ.

"ಕೂತ್ಕೊಳ್ಳಿ, ಎದ್ದೇಳಬೇಡಿ. ಈ ಹುಡುಗನಿಗೆ ನೋಡಬೇಕಂತೆ" ಎಂದರು ಮೇಷ್ಟ್ರು.

ಹಿರಿಯ ಹುಡುಗನಿಗೆ ಎರಡು ಕಡ್ಡಿ ತೋರಿಸಿದ. ಒಂದು ದಪ್ಪ, ಗಿಡ್ಡ. ಇನ್ನೊಂದು ಸಪೂರ, ಉದ್ದ. ದಪ್ಪದ್ದು ಹೆಜ್ಜೆ ಹಾಕುತ್ತದೆ, ಸಪೂರದ್ದು ಅದರ ಸಂದಿನಲ್ಲಿ ಕುಣಿಯುತ್ತದೆ. ಮಾತು ಬೆಳೆಯುತ್ತಾ ಮೇಷ್ಟ್ರು ಒಂದು ಪ್ರಶ್ನೆ ಕೇಳಿದರು: "ಊರಲ್ಲಿ ಯಾರು ಹೋದ್ರೂ ನೀವು ಬಾರಿಸ್ತೀರಿ. ನಿಮ್ಮಲ್ಲಿ ಯಾರಾದ್ರೂ ಹೋದ್ರೆ?"

"ನಾವೇ ಬಾರಿಸ್ಕೋತೀವಿ ಸಾಮಿ. ಆಗ ಈ ಕಡೆಯೋರು ಯಾರೂ ಬರಲ್ಲ" ಎಂದ ಹಿರಿಯ. ಅವನ ಮಾತಿನಲ್ಲಿ ದೂರೇನೂ ಇರಲಿಲ್ಲ.

ಮೇಷ್ಟ್ರ ಬಳಿ ಉತ್ತರವಿರಲಿಲ್ಲ. ಸಾಗರದಾಚೆ ಸತ್ತ ಒಬ್ಬ ವಾದಕನಿಗಾಗಿ ಅವರು ಒಂದು ದಿನ ಉಪವಾಸವಿದ್ದರು. ಅದು ನಾಟಕವಲ್ಲ, ನಿಜವಾದ ದುಃಖವೇ. ಆದರೆ ಅದೇ ದುಃಖದ ಒಂದು ಪಾಲು ಇಷ್ಟು ವರ್ಷ ಹುಣಸೆಮರದ ತನಕ ನಡೆದು ಬಂದಿರಲಿಲ್ಲ.

ಶವ ಎದ್ದಿತು, ತಮಟೆ ಮೊಳಗಿತು. ಮೇಷ್ಟ್ರು ಮೆರವಣಿಗೆಯಲ್ಲಿ ನೆಂಟರ ಜೊತೆ ಹಿಂದೆ ನಡೆಯದೆ ತಮಟೆಯವರ ಪಕ್ಕದಲ್ಲಿ ನಡೆದರು. ಕೆಲವರು ತಿರುಗಿ ನೋಡಿದರು.

ಮಧುಗಿರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಮೊಮ್ಮಗ ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳಾಡಿಸುತ್ತಿದ್ದ. ಅವನ ಅಮ್ಮ ಅವನ ಕಡೆ ತಿರುಗಿದರು, ಏನೋ ಹೇಳಲು ಬಾಯಿ ತೆರೆದರು, ಮತ್ತೆ ಕಿಟಕಿಯ ಕಡೆ ನೋಡತೊಡಗಿದರು. ಮೇಷ್ಟ್ರು ತಮ್ಮ ಮಂಡಿಯ ಮೇಲೆ ಅವನ ಜೊತೆ ಎಣಿಸಲು ಹೊರಟರು. ಹನ್ನೊಂದಕ್ಕೆ ತಪ್ಪಿತು.

"ಮೊದಲಿಂದ ಬನ್ನಿ ತಾತ" ಎಂದ ಮೊಮ್ಮಗ.

ಮೇಷ್ಟ್ರು ಮೊದಲಿಂದ ಎಣಿಸಿದರು.