ಅಳೆಯೋ ಬೆಳಕೇ ಹರಳು ಬದಲಿಸಿದಾಗ

ನಮ್ಮ ಭಾಲ್ಕಿ ಪ್ಯಾಟಿಯೊಳಗ ಅಂಗಡಿ ಮುಂದ ತೂಗುಹಾಕಿದ ಸೀರಿ ನೋಡೀರೇನು? ಬಿಸಿಲು ಬೀಳೋ ಮಡಿಕೆಯಷ್ಟೇ ಬಣ್ಣ ಕಳಕೊಂಡಿರ್ತದ, ಒಳಗಿನದು ಹೊಸದರಂಗೇ ಇರ್ತದ. ಬೆಳಕು ಬರೀ ವಸ್ತು ತೋರಿಸೋದಿಲ್ಲ, ಒಮ್ಮೊಮ್ಮೆ ಅದನ್ನ ಬದಲಿಸೇ ಬಿಡ್ತದ. ಇವತ್ತಿನ ಮಾತು ಅಂಥದ್ದೇ, ಆದರೆ ಸೀರಿ ಬದಲು ಫುಲರೀನ್ ಹರಳು. (ಬಿಕಾಂನವಳಿಗೆ ಇದೆಲ್ಲ ಯಾಕ ಅಂತ ಕೇಳಬ್ಯಾಡ್ರಿ. ಓದ್ಲಾಕ ಚಂದ ಅನಸ್ತು.)

ಫುಲರೀನ್ ಅಂದ್ರ 60 ಇಂಗಾಲದ ಪರಮಾಣು ಸೇರಿ ಆದ ಚೆಂಡು. ಫುಟ್‌ಬಾಲಿನ ಹಂಗೇ 12 ಪಂಚಕೋನ, 20 ಷಟ್ಕೋನ. 1985ರಲ್ಲಿ ಕ್ರೋಟೊ, ಕರ್ಲ್, ಸ್ಮಾಲಿ ಇದನ್ನು ಕಂಡದ್ದೂ ಗ್ರಾಫೈಟ್ ಮೇಲೆ ಲೇಸರ್ ಬಿಟ್ಟೇ. 1996ರಲ್ಲಿ ನೊಬೆಲ್ ಬಂತು. ಹರಳಿನೊಳಗೆ ಈ ಚೆಂಡುಗಳು ಬುಟ್ಟಿಯೊಳಗಿನ ಲಿಂಬಿಹಣ್ಣಿನಂಗ ಒತ್ತೊತ್ತಾಗಿ ಕೂತಿರ್ತಾವ, ಆದರೆ ಅಂಟಿಕೊಂಡಿರೋದಿಲ್ಲ. ಕೂತಲ್ಲೇ ಗಿರಗಿರ ತಿರುಗ್ತಾವ.

ಲೇಸರ್ ಬಿದ್ದಾಗ ಪಕ್ಕಪಕ್ಕದ ಎರಡು ಚೆಂಡುಗಳಲ್ಲಿ ಒಂದೊಂದು ದ್ವಿಬಂಧ ಸಡಿಲಾಗುತ್ತದೆ. ಎರಡು ಜೋಡಿ ಎರಡೂ ಕೈ ಹಿಡಕೊಂಡು ನಿಂತಾರ ಅನ್ಕೋರಿ. ಪ್ರತಿಯೊಬ್ಬರೂ ಒಂದು ಕೈ ಬಿಟ್ಟು ಪಕ್ಕದ ಜೋಡಿಯವರ ಕೈ ಹಿಡಿದ್ರ ನಾಲ್ವರ ಉಂಗುರ ಆಯ್ತಲ್ಲ, ಅದೇ ಇದು. ಹೀಗೆ ಚೆಂಡಿಗೆ ಚೆಂಡು ಹೊಂದಿ ಪಾಲಿಮರ್ ಆಗುತ್ತದೆ. ಮೊದಲು ಟೊಲುಯೀನ್‌ನಲ್ಲಿ ಕರಗುತ್ತಿದ್ದದ್ದು ಈಗ ಕರಗೋದಿಲ್ಲ. 1993ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಎ.ಎಂ. ರಾವ್, ಪೀಟರ್ ಎಕ್ಲಂಡ್ ಮತ್ತು ಜೊತೆಗಾರರು ಇದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಮಜಾ ಏನಂದ್ರ, ಸುಮಾರು 200 ಡಿಗ್ರಿಗೆ ಕಾಯಿಸಿದರೆ ಚೆಂಡುಗಳು ಮತ್ತೆ ಬಿಡಿಬಿಡಿ. ಬೆಳಕು ಕೂಡಿಸ್ತದ, ಕಾವು ಬಿಡಿಸ್ತದ.

ಇಷ್ಟು ಸಣ್ಣ ಬದಲಾವಣೆ ತಿಳಿಯೋದು ಹ್ಯಾಂಗ? ಅಲ್ಲಿ ಬರ್ತಾರ ನೋಡ್ರಿ ಸಿ.ವಿ. ರಾಮನ್. ವಸ್ತುವಿಗೆ ಬಡಿದ ಬೆಳಕಿನಲ್ಲಿ ತುಸು ಭಾಗ ಬಣ್ಣ ಬದಲಿಸಿಕೊಂಡು ಬರ್ತದ ಅಂತ ಅವರು 1928ರಲ್ಲಿ ತೋರಿಸಿದರು. ಆ ವ್ಯತ್ಯಾಸ ಅಣುವಿನ ಕಂಪನದ ಲೆಕ್ಕ ಹೇಳ್ತದ. 1992ರಲ್ಲಿ ನಮ್ಮ ಬೆಂಗಳೂರಿನ ಎ.ಕೆ. ಸೂದ್, ಸಿ.ಎನ್.ಆರ್. ರಾವ್ ಮತ್ತು ಜೊತೆಗಾರರು ಫುಲರೀನ್ ಹರಳನ್ನು ಒತ್ತಡದಲ್ಲಿ ಇಟ್ಟು ನೋಡಿದ್ದೂ ಇದೇ ವಿಧಾನದಿಂದ.

ಬಿಡಿ ಚೆಂಡುಗಳ ಒಂದು ಮುಖ್ಯ ಕಂಪನದ ಅಂಕಿ 1469. ಆದರೆ ಶುರುವಿನ ವರ್ಷಗಳಲ್ಲಿ ಕೆಲವರಿಗೆ 1459 ಸಿಗುತ್ತಿತ್ತು. ಯಾರದು ಖರೇ? ಯಾರ ಯಂತ್ರವೂ ಕೆಟ್ಟಿರಲಿಲ್ಲ. ರಾಮನ್ ಅಳತೆಗೂ ಲೇಸರ್ ಬೇಕಲ್ಲ, ಅದೇ ಲೇಸರ್ ಅಳೆಯುತ್ತಲೇ ಚೆಂಡುಗಳನ್ನ ಕೂಡಿಸಿಬಿಡ್ತಿತ್ತು! ಹರಳಿನೊಳಗ ಆಮ್ಲಜನಕ ಹೊಕ್ಕಿದ್ರ ಮಾತ್ರ ಅದು ಅಡ್ಡ ಬರ್ತಿತ್ತು, ಹಂಗಾಗಿ ಅಂಥವರಿಗೆ 1469 ಕಾಣ್ತಿತ್ತು. ಈಗ ಫುಲರೀನ್ ಅಳೆಯುವಾಗ ಲೇಸರನ್ನ ಆದಷ್ಟು ಮಂದ ಇಡ್ತಾರ.

#ಭಾಲ್ಕಿ #ಬೀದರ್ #ಕನ್ನಡದಲ್ಲಿವಿಜ್ಞಾನ